ಹನ್ನೊಂದನೇ ದಿನವಿಲ್ಲದ ಸೂತಕ

(ಕಲಬುರಗಿಯಲ್ಲಿ ಮಾನಸಿಕ ಕಾಯಿಲೆಯವರ ಮನೆಮಂದಿ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಬಾಯಿಗೆ ಬಂದಂತೆ ಹೇಳಿದ್ದನ್ನು ಇಲ್ಲಿ ಒಂದಿಷ್ಟು ಓರಣ ಮಾಡಿ ಬರೆದಿದ್ದೇನೆ. ನಡುವೆ ಎರಡು ಸಲ ಮಾತು ನಿಂತಿತ್ತು, ಅದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ಶರಣು.

ನಮ್ಮ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳುವುದು ‘ಆರಾಮ ಇದ್ದೀರೇನ್ರಿ?’ ಅಂತ. ಬೆಂಗಳೂರು, ಮೈಸೂರಿನವರು ‘ಹುಷಾರಾಗಿದ್ದೀರಾ’ ಅಂತಾರೆ. ಅವರ ಮಾತಿನಲ್ಲಿ ಒಂದು ಎಚ್ಚರಿಕೆಯೂ ಇದೆ, ನೋಡಿಕೊಂಡು ನಡೀರಿ ಅನ್ನೋ ಹಾಗೆ. ನಮ್ಮದು ಬರೀ ಆರಾಮ. ಅದಕ್ಕೆ ಉತ್ತರವೂ ಒಂದೇ, ‘ಆರಾಮ ರೀ’. ಹೊಲ ಒಣಗಿದ್ದರೂ ಆರಾಮ, ಸಾಲ ಕೊಟ್ಟವನು ಕಟ್ಟೆಯ ಮೇಲೆ ಕೂತಿದ್ದರೂ ಆರಾಮ. ಇಪ್ಪತ್ಮೂರು ವರ್ಷ ನಾನು ಆ ಉತ್ತರವನ್ನೇ ಕೊಟ್ಟೆ. ಆಯೋಜಕರು ‘ಮೇಡಂ, ನಿಮ್ಮ ಅನುಭವ ಹೇಳಿ’ ಅಂದಾಗ ಮೊದಲು ಆಗುವುದಿಲ್ಲ ಅಂದಿದ್ದೆ. ನಾನು ಮೂವತ್ನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ಉತ್ತರ ಬಾರದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುವ ಅಭ್ಯಾಸ ನನಗಿಲ್ಲ.

1996ರ ಡಿಸೆಂಬರ್. ನಮ್ಮ ಕಡೆ ಆಗ ತೊಗರಿ ಒಣಗಿ ಕೊಯ್ಲಿಗೆ ನಿಂತಿರುತ್ತದೆ. ನನ್ನ ತಮ್ಮನಿಗೆ ಇಪ್ಪತ್ತೆರಡು. ನನಗಿಂತ ಹತ್ತು ವರ್ಷ ಚಿಕ್ಕವನು, ಬಗಲಲ್ಲಿ ಹೊತ್ತು ಆಡಿಸಿದವಳು ನಾನೇ. ಡಿಪ್ಲೊಮಾ ಮುಗಿಸಿ ಸಿಮೆಂಟ್ ಕಾರ್ಖಾನೆಯೊಂದಕ್ಕೆ ತರಬೇತಿಗೆ ಹೋಗಿದ್ದವನು ಹೇಳದೆ ಕೇಳದೆ ಊರಿಗೆ ಬಂದ. ಸಂಜೆ ನೋಡಿದರೆ ಹೊಲದ ಬದುವಿನ ಮೇಲೆ ಅಲುಗಾಡದೆ ನಿಂತಿದ್ದಾನೆ. ‘ಅಕ್ಕಾ, ತೊಗರ್ಯಾಗ ಕುಂತು ಯಾರೋ ನನಗ ಬೈಯಾಕತ್ತಾರ, ಕೇಳು’ ಅಂದ. ಕಿವಿಗೊಟ್ಟೆ. ಒಣಗಿದ ಕಾಯಿ ಗಲಗಲ ಅಂತಿದ್ದವು, ಅಷ್ಟೇ. ‘ಗಾಳಿನೋ ಅದು’ ಅಂದೆ.

ಒಂದು ವಾರದಲ್ಲಿ ಊರೂ ಅದನ್ನೇ ಹೇಳಿತು. ಗಾಳಿ ಅದು, ಗಾಳಿ ಬಡದದ. ನಾನು ಹೇಳಿದ ಗಾಳಿ ಬೇರೆ, ಊರು ಹೇಳಿದ್ದು ಬೇರೆ. ಆದರೂ ಮೊದಲು ಆ ಶಬ್ದ ಆಡಿದವಳು ನಾನೇ ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ನಮ್ಮದು ಲಿಂಗಾಯತ ಮನೆ. ಸೂತಕ ಅನ್ನೋದು ನಮ್ಮಲ್ಲಿ ಇಲ್ಲ ಅಂತ ಅಜ್ಜ ಎದೆಯುಬ್ಬಿಸಿ ಹೇಳುತ್ತಿದ್ದ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದು ಸೂತಕಗಳನ್ನೂ ಶರಣರು ಹನ್ನೆರಡನೇ ಶತಮಾನದಲ್ಲೇ ಕಿತ್ತೆಸೆದರು. ಅಜ್ಜ ತೀರಿಕೊಂಡ ದಿನ ಅವನ ಪಕ್ಕದಲ್ಲೇ ಕೂತು ಅವ್ವ ಲಿಂಗಪೂಜೆ ಮುಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ಮನೆಗೆ ಆರನೆಯದೊಂದು ಸೂತಕ ಬಂತು. ಯಾರೂ ಅದರ ಹೆಸರು ಎತ್ತಲಿಲ್ಲ. ಹಾಲು ಹಾಕುವಾಕೆ ಒಳಗೆ ಬರುವುದನ್ನು ಬಿಟ್ಟು ಕಟ್ಟೆಯ ಮೇಲೆ ಚರಿಗೆ ಇಟ್ಟು ಹೋಗತೊಡಗಿದಳು. ತಂಗಿಗೆ ಬಂದಿದ್ದ ಎರಡು ಸಂಬಂಧ ತಪ್ಪಿದವು. ಆ ವರ್ಷದ ಎಳ್ಳಮಾವಾಸ್ಯೆ ನೆನಪಿದೆ. ಕಲಬುರಗಿ ಸೀಮೆಯವರಿಗೆ ಹೇಳಬೇಕಾಗಿಲ್ಲ, ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲದಲ್ಲಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿ ಉಣಬಡಿಸುತ್ತೇವೆ. ಅವ್ವ ಮೂವತ್ತು ಜನಕ್ಕೆ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಮಾಡಿದ್ದಳು. ಕೂತದ್ದು ನಾವು ಐದೇ ಮಂದಿ. ಉಳಿದದ್ದನ್ನು ಸಂಜೆ ಎತ್ತುಗಳಿಗೆ ಹಾಕಿದೆವು.

ಸತ್ತವರ ಸೂತಕಕ್ಕೆ, ಅದನ್ನು ಆಚರಿಸುವವರ ಮನೆಗಳಲ್ಲಿ, ಒಂದು ಲೆಕ್ಕ ಇದೆ. ಇಂತಿಷ್ಟು ದಿನ ಅಂತ ಇದೆ. ಆಮೇಲೆ ತಲೆಗೆ ನೀರು, ಊಟ, ಮುಗಿಯಿತು. ಇದಕ್ಕೆ ಹನ್ನೊಂದನೇ ದಿನವೇ ಬರಲಿಲ್ಲ.

ತಮ್ಮನಿಗಿದ್ದದ್ದು ಸ್ಕಿಜೋಫ್ರೀನಿಯಾ, ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅದು ಲೋಕದಲ್ಲಿ ಸುಮಾರು 300 ಜನಕ್ಕೆ ಒಬ್ಬರಿಗೆ ಇದೆ. ನಮ್ಮೂರಿನ ಜನಸಂಖ್ಯೆ ಆಗ ಹೆಚ್ಚುಕಡಿಮೆ 4,000. ಭಾಗಿಸಿ ನೋಡಿ, 13 ಬರುತ್ತದೆ. ಅಂದಾಜಿನ ಲೆಕ್ಕವೇ ಇರಲಿ, ನನಗೆ ಗೊತ್ತಿದ್ದದ್ದು ನಮ್ಮ ಮನೆ ಒಂದೇ. ಉಳಿದವರೂ ಬೀದಿಯಲ್ಲಿ ‘ಆರಾಮ ರೀ’ ಅಂತಿದ್ದರೋ ಏನೋ.

ಈಗ ಹಗ್ಗದ ಮಾತು. ಇದನ್ನು ಬಿಟ್ಟುಬಿಡಬಹುದಿತ್ತು. ಒಂದು ರಾತ್ರಿ ಅವನು ನಿದ್ದೆಯಿಲ್ಲದೆ ಕುಡುಗೋಲು ಹಿಡಿದು ಅಂಗಳದಲ್ಲಿ ಓಡಾಡಿದ. ಯಾರನ್ನೂ ಹೊಡೆಯಲಿಲ್ಲ, ಬೈಯುತ್ತಿದ್ದವರಿಗೆ ಹೆದರಿಸುತ್ತಿದ್ದ. ಅಪ್ಪನಿಗೂ ಹೆದರಿಕೆ. ಪಡಸಾಲೆಯ ಕಂಬಕ್ಕೆ ಅವನನ್ನು ಕಟ್ಟಿದೆವು. ಕೊಟ್ಟಿಗೆಯಿಂದ ಎತ್ತಿನ ಹಗ್ಗ ಬಿಚ್ಚಿ ತಂದು ಅಪ್ಪನ ಕೈಗೆ ಕೊಟ್ಟವಳು ನಾನು. ಬೆಳಗಿನ ತನಕ ‘ಅಕ್ಕಾ, ಸಡಲ ಮಾಡು’ ಅಂತಿದ್ದ. ಮಾಡಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳಲು ಎದ್ದಿದ್ದ ಖಾಸಗಿ ‘ಮನೆ’ಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲಾಗದೆ 28 ಮಂದಿ ಸುಟ್ಟುಹೋದರು. ಆ ಪೇಪರನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಸಹೋದ್ಯೋಗಿಗಳು ‘ಛೇ, ಎಂಥಾ ಕಟುಕರು’ ಅಂದರು. ನಾನೂ ತಲೆಯಾಡಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅನ್ನುತ್ತದೆ. ಒಳ್ಳೆಯ ಕಲಂ. ಆದರೆ ನಡುರಾತ್ರಿ ಹಳ್ಳಿಯ ಅಂಗಳದಲ್ಲಿ ಹಗ್ಗದ ಬದಲು ಕೈಗೆ ಏನು ತೆಗೆದುಕೊಳ್ಳಬೇಕು ಅನ್ನೋದನ್ನು ಯಾರಾದರೂ ಬಂದು ತೋರಿಸಿಕೊಡಬೇಕು.

ಅವ್ವ ಅವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋದಳು. ಅದಕ್ಕೂ ಮುಂಚೆ ಬಂದೇ ನವಾಜರ ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸಿದ್ದಾಗಿತ್ತು, ಶರಣಬಸವೇಶ್ವರರಿಗೆ ಹರಕೆ ಹೊತ್ತದ್ದಾಗಿತ್ತು. ಲಿಂಗ ಕಟ್ಟಿದವಳು ಗುಡಿಗೂ ದರ್ಗಾಕ್ಕೂ ಹೋಗಬಹುದಾ ಅಂತ ಈಗ ಪ್ರಶ್ನೆ ಎತ್ತುವವರಿದ್ದಾರೆ. ಅವರ ಮನೆಯಲ್ಲಿ ಹಗ್ಗ ಇಲ್ಲ, ಅದಕ್ಕೇ ಪ್ರಶ್ನೆಗೆ ಪುರುಸೊತ್ತು ಇದೆ.

ಗಾಣಗಾಪುರ ನೋಡಿದವರಿಗೆ ಗೊತ್ತು. ಅಫಜಲಪುರ ತಾಲೂಕು, ಭೀಮಾ ಅಮರ್ಜಾ ಕೂಡುವ ಸಂಗಮ, ದತ್ತನ ನಿರ್ಗುಣ ಪಾದುಕೆ, ಕಿಂಡಿಯಲ್ಲಿ ದರ್ಶನ. ಮಧ್ಯಾಹ್ನ ಮಂಗಳಾರತಿಯ ಹೊತ್ತಿಗೆ ಗಂಟೆ, ನಗಾರಿ ಶುರುವಾದರೆ ಬಾಧೆ ಇದ್ದವರು ಕೂಗುತ್ತಾರೆ, ಕಂಬ ಹತ್ತುತ್ತಾರೆ, ಹೊರಳಾಡುತ್ತಾರೆ. ಮೊದಲ ದಿನ ಹೆದರಿ ಅತ್ತೆ. ಅವ್ವ ಹೆದರಲಿಲ್ಲ. ನಲವತ್ತೊಂದು ದಿನ ಅಲ್ಲೇ ಇದ್ದಳು. ಬೆಳಿಗ್ಗೆ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಐದು ಮನೆ ಮಧುಕರಿ ಬೇಡಿ, ಮಗನಿಗೆ ಉಣಿಸಿ ತಾನು ಉಣ್ಣುತ್ತಿದ್ದಳು. ಆ ಹೊತ್ತಿಗೆ ದತ್ತನೂ ಭಿಕ್ಷೆಗೆ ಬರುತ್ತಾನೆ, ಯಾವ ವೇಷದಲ್ಲಿರುತ್ತಾನೋ ತಿಳಿಯದು ಅನ್ನೋ ನಂಬಿಕೆ ಅಲ್ಲಿಯದು. ಹಾಗಾಗಿ ಯಾರೂ ಯಾರನ್ನೂ ಗದರಿಸಿ ಅಟ್ಟುವುದಿಲ್ಲ. ಗೊಣಗುವವನು, ಮೈಮೇಲೆ ಬಟ್ಟೆ ನಿಲ್ಲದವನು, ನನ್ನ ತಮ್ಮ, ಯಾರಲ್ಲಿ ದೇವರಿದ್ದಾನೋ!

ಅವನಿಗೆ ಅಲ್ಲಿ ಗುಣವಾಯಿತಾ ಅಂದರೆ ಇಲ್ಲ. ಒಂದಿಷ್ಟು ತಣ್ಣಗಾದ. ಬದಲಾದವಳು ಅವ್ವ. ಮಹಾರಾಷ್ಟ್ರದ ಕಡೆಯ ಒಬ್ಬಾಕೆ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಇವಳಿಗೆ ಮರಾಠಿ ಬಾರದು, ಅವಳಿಗೆ ಕನ್ನಡ ಬಾರದು. ಇಬ್ಬರೂ ಅತ್ತಿಮರದ ಕೆಳಗೆ ಕೂತು ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದರು. ‘ಯಾರೂ ಏನೂ ಕೇಳಲಿಲ್ಲವ್ವ’ ಅಂತ ಊರಿಗೆ ಬಂದ ಮೇಲೆ ಅವ್ವ ಹೇಳಿದಳು. ನಮ್ಮ ಓಣಿಯಲ್ಲಿ ಸಿಗದದ್ದು ಅವಳಿಗೆ ಅಲ್ಲಿ ಸಿಕ್ಕಿತ್ತು.

ಬಹಳ ವರ್ಷಗಳ ನಂತರ ಒಂದು ಅಧ್ಯಯನದ ವಿಷಯ ಓದಿದೆ. ನಿಮ್ಹಾನ್ಸಿನ ವೈದ್ಯರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದಿದ್ದ 31 ರೋಗಿಗಳನ್ನು ನೋಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಔಷಧಿ ಇಲ್ಲ, ವಿಶೇಷ ಪೂಜೆಯೂ ಇಲ್ಲ, ಕೆಲವು ವಾರ ಅಲ್ಲಿ ಇದ್ದದ್ದಷ್ಟೇ. ಕಾಯಿಲೆಯ ತೀವ್ರತೆಯ ಅಂಕ ಸುಮಾರು ಶೇಕಡ 20 ಇಳಿದಿತ್ತಂತೆ. ಹೆದರಿಸದ, ಆಸರೆ ಕೊಡುವ ಜಾಗವೇ ಅದಕ್ಕೆ ಕಾರಣವಿರಬೇಕು ಅಂದರು. ಇದನ್ನು ಕೇಳಿ ನಾಳೆಯಿಂದ ಮಾತ್ರೆ ಬಿಡಬೇಡಿ, ಕೈಮುಗಿದು ಕೇಳುತ್ತೇನೆ. 31 ಜನ ಬಹಳ ಸಣ್ಣ ಸಂಖ್ಯೆ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಲೆಕ್ಕದ ಟೀಚರಾಗಿ ಇಷ್ಟು ಹೇಳಲೇಬೇಕು. ಗುಜರಾತಿನ ಉನಾವಾದ ಮೀರಾ ದಾತಾರ ದರ್ಗಾದಲ್ಲಿ ‘ದವಾ-ದುವಾ’ ಅಂತ ಒಂದು ಏರ್ಪಾಡು ಮಾಡಿದ್ದಾರೆ. ಪ್ರಾರ್ಥನೆಗೆ ಬಂದವರಿಗೆ ಅಲ್ಲೇ ಮನೋವೈದ್ಯರು ಮಾತ್ರೆಯನ್ನೂ ಕೊಡುತ್ತಾರೆ. ನಮಗೆ 1997ರಲ್ಲಿ ಅಂಥದ್ದು ಸಿಕ್ಕಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಎರಡು ವರ್ಷ, ಯಾಕೆಂದರೆ ನಾವು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸಿಗೆ ಹೋದದ್ದು 1999ರಲ್ಲಿ. ರಾತ್ರಿಯಿಡೀ ರೈಲಿನ ಚಕ್ರಗಳು ತನ್ನ ಹೆಸರು ಹೇಳುತ್ತಿವೆ ಅಂತ ಅವನು ಕಿವಿ ಮುಚ್ಚಿಕೊಂಡೇ ಕೂತಿದ್ದ. ಅಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರು ಅವ್ವನನ್ನು ಕೇಳಿದರು, ‘ನಿಮ್ಮ ಮಗನಿಗೆ ದೇವರು ಮಾತಾಡಿದ ಹಾಗೆ ಕೇಳಿಸುತ್ತಾ, ಅಮ್ಮ?’ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹೌದ್ರಿ, ಅವಗ ಕೇಳ್ತದ. ನನಗ ಕೇಳಂಗಿಲ್ಲ’ ಅಂದಳು.

ಆ ದನಿಯಲ್ಲಿ ದುಃಖ ಇತ್ತು, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು ಅಂತ ನನಗೆ ಅನ್ನಿಸಿತು. ನಲವತ್ತು ವರ್ಷ ದಿನಾ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟವಳು. ಒಂದು ಮಾತು ಆಡಲಿಲ್ಲ ಆ ದೇವರು. ಇವನು ಒಂದೇ ವರ್ಷದಲ್ಲಿ ಇಡೀ ರಾತ್ರಿ ಮಾತಾಡಿಸುತ್ತಿದ್ದ. ಆ ಮಾತು ಅವನನ್ನು ಹಿಂಡುತ್ತಿತ್ತು ಅನ್ನೋದು ಬೇರೆ. ಲಿಂಗವೇ ತನ್ನನ್ನು ಬೈಯುತ್ತದೆ ಅಂತ ಕೊರಳಿನಿಂದ ತೆಗೆದು ಅವ್ವನ ಉಡಿಯಲ್ಲಿ ಹಾಕಿದ್ದ. ಡಾಕ್ಟರು ನಮಗೆ ಸಮಾಧಾನವಾಗಿ ಬಿಡಿಸಿ ಹೇಳಿದರು. ನಿಮ್ಮ ಸಮುದಾಯದವರೆಲ್ಲ ನಂಬುವುದನ್ನು ನಾವು ಭ್ರಮೆ ಅನ್ನುವುದಿಲ್ಲ, ನಿಮ್ಮವರಿಗೇ ಇದು ವಿಚಿತ್ರ ಅನ್ನಿಸುವುದೂ ಅವನು ನರಳುತ್ತಿರುವುದೂ ಮುಖ್ಯ ಅಂತ. ಭಕ್ತಿಗೂ ಕಾಯಿಲೆಗೂ ನಡುವಿನ ಗೆರೆಯನ್ನು ಅಷ್ಟು ಮರ್ಯಾದೆಯಿಂದ ಎಳೆದವರನ್ನು ಯಾವ ಮಠದಲ್ಲೂ ನಾನು ನೋಡಿಲ್ಲ.

ಮಾತ್ರೆಯಿಂದ ದನಿಗಳು ಸಣ್ಣಗಾದವು. ‘ಬಾಜೂಮನಿ ರೇಡಿಯೊದಂಗ ಅದ ಈಗ’ ಅಂತಿದ್ದ. ಕೆಲವು ವರ್ಷದ ಮೇಲೆ ಕ್ಲೋಜಪಿನ್ ಅನ್ನೋ ಮಾತ್ರೆಗೆ ಬದಲಾಯಿಸಿದರು. ಅದು ಬಿಳಿ ರಕ್ತಕಣ ಇಳಿಸಬಹುದಾದ್ದರಿಂದ ಮೊದಲ 18 ವಾರ, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ವಾರಕ್ಕೊಂದು ರಜೆ ನನಗೆ, ಬಸ್ಸಿನಲ್ಲಿ ಕಲಬುರಗಿಗೆ ಒಂದು ಓಟ. ಆದರೆ ದನಿ ಹೋದ ಜಾಗಕ್ಕೆ ಏನೂ ಬರಲಿಲ್ಲ. ಗಂಟೆಗಟ್ಟಲೆ ಗೋಡೆ ನೋಡುತ್ತ ಕೂರುವುದು, ಹೇಳಿದರೆ ಸ್ನಾನ, ಬಡಿಸಿದರೆ ಊಟ. ಊರಿಗೆ ಇದು ಅರ್ಥವಾಗಲಿಲ್ಲ. ಕೂಗಾಡಿದರೆ ಹುಚ್ಚ, ಇಲ್ಲದಿದ್ದರೆ ಆರಾಮ. ‘ಈಗ ಆರಾಮ ಆಗ್ಯಾನಲ್ರಿ, ದುಡಿಯಾಕ ಹಚ್ರಿ’ ಅನ್ನೋರು.

ಅಂಗವೈಕಲ್ಯದ ಮಾತು ಇಲ್ಲಿಂದ. ಸರ್ಕಾರ ಬಳಸುವ ಶಬ್ದ ‘ವಿಕಲಚೇತನ’. ಕಾಲಿಲ್ಲದವರನ್ನು, ಕಣ್ಣಿಲ್ಲದವರನ್ನು ಹಾಗೆ ಕರೆಯುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲವಾ? ಅವರ ಚೇತನಕ್ಕೆ ಏನಾಗಿದೆ? ನನ್ನ ತಮ್ಮನನ್ನು ಹಾಗೆ ಕರೆದರೆ ಒಪ್ಪಬಹುದೇನೋ ಅಂತ ಒಮ್ಮೆ ಅಂದುಕೊಂಡೆ. ಆಮೇಲೆ ಅದೂ ಸರಿ ಕಾಣಲಿಲ್ಲ. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲೇ ಮಾನಸಿಕ ಕಾಯಿಲೆಯೂ ಇತ್ತು. ಆದರೆ ನೌಕರಿಯ ಮೀಸಲಾತಿಯಲ್ಲಿ ಅದಕ್ಕೆ ಪಾಲು ಬಂದದ್ದು 21 ಬಗೆಗಳ 2016ರ ಕಾಯ್ದೆಯಲ್ಲಿ. ಅಷ್ಟೊತ್ತಿಗೆ ಇವನಿಗೆ ನಲವತ್ತು ದಾಟಿತ್ತು.

ಅಂಗವೈಕಲ್ಯದ ಪ್ರಮಾಣಪತ್ರಕ್ಕೆ 2009ರಲ್ಲಿ ಹೋದೆವು. ಅಳೆಯುವುದು ಹೇಗೆ ಅಂದರೆ ನಾಲ್ಕು ವಿಷಯ: ತನ್ನ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ. ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೂ ಅಂಕ. ಒಟ್ಟು ಇಪ್ಪತ್ತಕ್ಕೆ ಏಳು ಬಂದರೆ ಶೇಕಡ 40, ಅಂದರೆ ಪಾಸು. ಶಾಲೆಯಲ್ಲಿ ಇದಕ್ಕಿಂತ ಉಲ್ಟಾ ಪರೀಕ್ಷೆ ನಾನು ನಡೆಸಿಲ್ಲ, ಇಲ್ಲಿ ಹೆಚ್ಚು ಕೆಟ್ಟಿದ್ದರೆ ಹೆಚ್ಚು ಅಂಕ. ಅವತ್ತೇ ಅವನು ತಾನಾಗಿ ಎದ್ದು ಸ್ನಾನ ಮಾಡಿದ. ತಲೆ ಬಾಚಿದ. ಇಸ್ತ್ರಿ ಅಂಗಿ ಕೇಳಿ ಹಾಕಿಕೊಂಡ. ಆಸ್ಪತ್ರೆಗೆ ಹೋಗುವಾಗ ನೀಟಾಗಿರಬೇಕು ಅಂತ ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದ್ದೂ ನಾನೇ. ನನ್ನ ಎದೆ ಧಸಕ್ ಅಂದಿತು. ತಿಂಗಳುಗಟ್ಟಲೆ ಕಾದ ಬೆಳಗು ಅದು, ಅವತ್ತೇ ಬರಬೇಕಾ! ಮಂಡಳಿಯ ಮುಂದೆ ಅವನು ಕೇಳುವ ಹಾಗೆ ಅವನ ಅತಿ ಕೆಟ್ಟ ದಿನಗಳನ್ನೆಲ್ಲ ಹೇಳಿದೆ. ಹಗ್ಗದ ರಾತ್ರಿಯನ್ನೂ ಹೇಳಿದೆ. ಅವನು ಅಂಗಿಯ ಗುಂಡಿ ನೋಡುತ್ತ ಕೂತಿದ್ದ. ಪಾಸಾದೆವು. ಮಾಸಾಶನ ಬಂತು. ಬಸ್ಸಿನಲ್ಲಿ ಬರುವಾಗ ‘ಎಷ್ಟು ಬಂತಕ್ಕಾ?’ ಅಂದ. ನಾನು ಹೇಳಲಿಲ್ಲ.

2019ರಲ್ಲಿ ಹೋದ. ನಲವತ್ತೈದು ತುಂಬಿತ್ತು. ತೀವ್ರ ಮಾನಸಿಕ ಕಾಯಿಲೆ ಇದ್ದವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲು ಸಾಯುತ್ತಾರೆ, ಅದರಲ್ಲಿ ಹೆಚ್ಚಿನವರು ಎದೆಯ ಕಾಯಿಲೆ, ಸಕ್ಕರೆ ಕಾಯಿಲೆಯಂಥ ಮಾಮೂಲಿ ಕಾರಣಗಳಿಂದಲೇ. ಅವನನ್ನು ಉಳಿಸಿದ ಮಾತ್ರೆಯೇ ತೂಕ, ಸಕ್ಕರೆ ಎರಡನ್ನೂ ಏರಿಸಿತ್ತು. ಎರಡು ದಿನದಿಂದ ‘ಎದಿ ಹಿಡದಂಗ ಆಗ್ತದ’ ಅಂತಿದ್ದ. ತೋರಿಸಿದ ಕಡೆ ಅವನ ಮಾತ್ರೆ ಚೀಟಿ ನೋಡಿ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದರು. ಅವನ ಮಾತನ್ನು ನಂಬದವರು ಅವರೊಬ್ಬರೇ ಅಲ್ಲ, ನಾನೂ ಮೊದಲ ದಿನ ನಂಬಲಿಲ್ಲ. ತೊಗರಿ ಹೊಲದ ನಂತರ ಅವನು ಹೇಳಿದ್ದನ್ನೆಲ್ಲ ‘ಗಾಳಿ’ ಅನ್ನೋದು ನಮಗೆ ರೂಢಿಯಾಗಿತ್ತು.

ಅವತ್ತು ಊರೆಲ್ಲ ಮನೆಗೆ ಬಂತು. ಚರಿಗೆಯನ್ನು ಕಟ್ಟೆಯ ಮೇಲೆ ಇಡುತ್ತಿದ್ದಾಕೆ ನೇರ ಒಳಗೆ ಬಂದು ಅವ್ವನನ್ನು ತಬ್ಬಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಮೂರು ಮನೆಯವರು ರೊಟ್ಟಿ ಬಡಿದು, ಪಲ್ಯ ಮಾಡಿ ಬುಟ್ಟಿಯಲ್ಲಿ ಹೊತ್ತು ತಂದರು. ಬಿಸಿ ರೊಟ್ಟಿ. ಇಪ್ಪತ್ಮೂರು ವರ್ಷದಲ್ಲಿ ಹೊರಗಿನಿಂದ ನಮ್ಮ ಮನೆಗೆ ಬಂದ ಮೊದಲ ರೊಟ್ಟಿ ಅದು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವನು ಬದುಕಿದ್ದಾಗಲೇ ನಾವು ಎಷ್ಟು ಸಲ ಅವನನ್ನು ಕಳಕೊಂಡಿರಲಿಲ್ಲ! ಆಗ ಒಂದು ದಿನವೂ ಯಾರಿಗೂ ನಮ್ಮ ಒಲೆ ನೆನಪಾಗಲಿಲ್ಲ.

ಮಣ್ಣು ಮಾಡುವಾಗ ಇನ್ನೊಂದು ಮಾತು ಬಂತು. ನಮ್ಮಲ್ಲಿ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಸಮಾಧಿ ಮಾಡುತ್ತಾರೆ. ಲಿಂಗ ಬಿಟ್ಟವನಿಗೆ ಹೇಗೆ ಅಂತ ಯಾರೋ ಹಿರಿಯರು ತೆಗೆದರು. ಅವ್ವ ತನ್ನ ಕರಡಿಗೆ ಬಿಚ್ಚಿದಳು. ಒಳಗೆ ಎರಡು ಲಿಂಗ. ಅವನು ಉಡಿಯಲ್ಲಿ ಹಾಕಿದ ದಿನದಿಂದ ದಿನಾ ಎರಡಕ್ಕೂ ಪೂಜೆ ಮಾಡುತ್ತಿದ್ದಳಂತೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ‘ಅವ ಬಿಟ್ಟಿಲ್ರಿ. ನನ್ನ ಕಡೆ ಇಟ್ಟಿದ್ದ’ ಅಂದಳು. ಯಾರೂ ಮುಂದೆ ಮಾತಾಡಲಿಲ್ಲ.

ಶಿವಗಣಾರಾಧನೆ ಆಯಿತು, ನೆಂಟರು ಹೋದರು. ನನಗೆ ಮಾತ್ರ ಬೆಳಗಿನ ಎಂಟಕ್ಕೆ, ಅವನ ಮಾತ್ರೆಯ ಹೊತ್ತಿಗೆ, ಕೈ ತಾನಾಗಿ ಗೂಡಿನ ಕಡೆ ಹೋಗುತ್ತಿತ್ತು. ಮುಂದಿನ ವರ್ಷ ಲಾಕ್‌ಡೌನ್. ಶಾಲೆಯೂ ಇಲ್ಲ. ನಿದ್ದೆ ಹೋಯಿತು, ಹಸಿವು ಹೋಯಿತು, ಗುಣಾಕಾರ ತಪ್ಪತೊಡಗಿತು. ಶೋಕ ಎಷ್ಟು ದಿನ ಇದ್ದರೆ ಕಾಯಿಲೆ ಅನ್ನೋದಕ್ಕೂ ಈಗ ವೈದ್ಯರ ಪುಸ್ತಕಗಳಲ್ಲಿ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆಯದು ಆರು ತಿಂಗಳು ಅನ್ನುತ್ತದೆ, ಅಮೆರಿಕದವರದು ದೊಡ್ಡವರಿಗೆ ಹನ್ನೆರಡು. ನನ್ನದನ್ನು ಎಲ್ಲಿಂದ ಎಣಿಸಬೇಕು, 2019ರಿಂದಲೋ 1996ರಿಂದಲೋ ಅಂತ ಡಾಕ್ಟರಿಗೆ ಕೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಆಗ ಇರಲಿಲ್ಲ, ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಈಗ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ, ಬರೆದುಕೊಳ್ಳಿ.

ನನಗೆ ಕೊಟ್ಟ ಮಾತ್ರೆಯ ಪಟ್ಟಿಯನ್ನು ಒಂದು ವರ್ಷ ವಿಭೂತಿ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದೆ. ಅವನ ಮಾತ್ರೆಯನ್ನು ಎಲ್ಲರೆದುರು ಎಣಿಸಿ ಕೊಟ್ಟವಳು ನನ್ನದನ್ನು ದೇವರ ಗೂಡಿನಲ್ಲಿ ಅಡಗಿಸಿದೆ. ಅವ್ವನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಬೆಳಿಗ್ಗೆ ಪೂಜೆಗೆ ಕೂರುವಾಗ ನೀರಿನ ತಂಬಿಗೆ ನನ್ನ ಕಡೆ ತಳ್ಳುತ್ತಿದ್ದಳು, ಏನೂ ಹೇಳದೆ. ನಂಬಿಕೆ ಇದೆಯಾ ಅಂತ ನನ್ನನ್ನು ಕೇಳಿದರೆ ಆ ತಂಬಿಗೆಯ ತನಕ ಇದೆ. ಅದರಾಚೆ ಅವ್ವನಿಗೆ ಗೊತ್ತಿತ್ತು. ಅವಳೂ ಈಗ ಇಲ್ಲ.

ಹೋದ ತಿಂಗಳದ್ದು ಒಂದು ಹೇಳಿ ಕೂರುತ್ತೇನೆ. ನಮ್ಮ ಓಣಿಯ ಕೊನೆಯ ಮನೆಯ ಹುಡುಗ, ಪಿಯುಸಿ ಓದುವವನು, ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಾನೆ. ಕಿಟಕಿಗಳಿಗೆ ಹಗಲಲ್ಲೂ ಪರದೆ. ಹಾಲಿನ ಪ್ಯಾಕೆಟ್ಟು ಗೇಟಿನ ಮೇಲೆ. ನನಗೆ ಯಾರೂ ಹೇಳಬೇಕಾಗಲಿಲ್ಲ. ಹತ್ತು ರೊಟ್ಟಿ ಬಡಿದೆ, ಪುಂಡಿಪಲ್ಯ ಮಾಡಿದೆ, ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ತೆಗೆದುಕೊಂಡು ಹೋದೆ. ಹುಡುಗನ ತಾಯಿ ಬಾಗಿಲು ಅರ್ಧ ತೆಗೆದು ಬುಟ್ಟಿ ನೋಡಿದವಳೇ ಬಿಳುಪೇರಿದಳು. ‘ಯಾಕ್ರೀ ಟೀಚರ್, ನಮ್ಮನ್ಯಾಗ ಯಾರೂ ಸತ್ತಿಲ್ಲ’ ಅಂದಳು.

‘ಗೊತ್ತವ್ವ’ ಅಂದೆ. ‘ರೊಟ್ಟಿ ಬಿಸಿ ಅವ, ಹಿಡಿ.’

ಬುಟ್ಟಿ ತೆಗೆದುಕೊಂಡಳು. ಒಳಗೆ ಬಾ ಅನ್ನಲಿಲ್ಲ. ಬುಟ್ಟಿ ಇನ್ನೂ ಅವರ ಮನೆಯಲ್ಲೇ ಇದೆ.